ಕೇಳಿಸಿತು ಎಂದ ಮೇಸ್ತ್ರಿ

ಟೈರ್ ಅಂಗಡಿಗಳ ಸಾಲಿನ ಹಿಂದೆ, ತಗಡು ಹೊದಿಸಿದ ಉದ್ದನೆಯ ಶೆಡ್ಡಿನಲ್ಲಿ ಇಪ್ಪತ್ತಾರು ವರ್ಷಗಳಿಂದ ಕಾರು ರಿಪೇರಿ ಮಾಡುತ್ತಿದ್ದವನನ್ನು ಎಲ್ಲರೂ ಕರೆಯುತ್ತಿದ್ದದ್ದು ಕಿವಿ ಮೇಸ್ತ್ರಿ ಎಂದೇ. ನೋಡಲು ಅವನ ಕಿವಿಗಳೇನೂ ದೊಡ್ಡವಲ್ಲ. ಬಾನೆಟ್ ಎತ್ತುವ ಮೊದಲೇ, ಕಾರಿನ ಪಕ್ಕ ಕೈಕಟ್ಟಿ ನಿಂತು, ಕಣ್ಣು ಅರ್ಧ ಮುಚ್ಚಿ, ಬರೀ ಸದ್ದಿನ ಮೇಲೆ ಎಂಜಿನ್ನಿನ ಕಾಯಿಲೆ ಹೇಳಿಬಿಡುತ್ತಿದ್ದ. ಬಿಚ್ಚಿ ನೋಡಿದರೆ ಅವನು ಹೇಳಿದ್ದೇ ಇರುತ್ತಿತ್ತು. ಒಮ್ಮೆ ಯಾರೋ ಫೋನಿನಲ್ಲಿ ಎಂಜಿನ್ ಸದ್ದು ಕೇಳಿಸಿದಾಗ, ಕೂತಲ್ಲಿಂದಲೇ ವಾಟರ್ ಪಂಪಿನ ಬೇರಿಂಗ್ ಹೋಗಿದೆ ಎಂದಿದ್ದನಂತೆ. ಅದು ನಡೆದದ್ದೋ, ಟೈರ್ ಅಂಗಡಿಯವರು ಉಪ್ಪುಖಾರ ಹಚ್ಚಿದ್ದೋ, ಮೇಸ್ತ್ರಿಯಂತೂ ಅದನ್ನು ಯಾವತ್ತೂ ಅಲ್ಲಗಳೆಯಲು ಹೋಗಿರಲಿಲ್ಲ.

ಅಂಥ ಕಿವಿ ಎರಡು ವರ್ಷದಿಂದ ಕೈಕೊಡುತ್ತಿತ್ತು.

ಮೊದಲು ಹೋದದ್ದು ಕೀರಲು ಸದ್ದುಗಳು. ಫ್ರಿಜ್ಜಿನ ಬಾಗಿಲು ತೆರೆದಿಟ್ಟರೆ ಅದು ಕೂಗುವುದು ನಿಂತುಹೋಯಿತು ಎಂದುಕೊಂಡಿದ್ದ, ಕೂಗುತ್ತಲೇ ಇತ್ತು. ಹಿಂದಕ್ಕೆ ಬರುತ್ತಿದ್ದ ಲಾರಿಯೊಂದು ಬೀಪ್ ಬೀಪ್ ಎನ್ನುತ್ತಿದ್ದರೂ ಅದರ ದಾರಿಯಲ್ಲಿ ನಿಂತು ಕ್ಲೀನರನಿಂದ ಬೈಸಿಕೊಂಡ. ಗಡಗಡ, ಗುಡುಗುಡು ಎಲ್ಲ ಮೊದಲಿನ ಹಾಗೇ ಕೇಳುತ್ತಿತ್ತು, ಆದ್ದರಿಂದ ಅವನಿಗೇ ಅದನ್ನು ನಂಬುವುದು ಕಷ್ಟವಾಯಿತು. ನಂಬಿದ ಮೇಲೆ ಮುಚ್ಚಿಡಲು ಕಲಿತ. ಗಿರಾಕಿ ಬಂದರೆ, ನಿಮಗೇನು ಕೇಳಿಸಿತು ಹೇಳಿ ಎಂದು ಮೊದಲು ಅವರ ಬಾಯಿ ಬಿಡಿಸುವುದು. ಆಮೇಲೆ ಉದ್ದನೆಯ ಸ್ಕ್ರೂಡ್ರೈವರಿನ ಹಿಡಿಯನ್ನು ಕಿವಿಯ ಹಿಂದಿನ ಮೂಳೆಗೆ ಒತ್ತಿ, ತುದಿಯನ್ನು ಎಂಜಿನ್ನಿಗೆ ಮುಟ್ಟಿಸಿ, ಅವರು ಹೇಳಿದ್ದನ್ನೇ ಬೇರೆ ಮಾತಿನಲ್ಲಿ ಹೇಳುವುದು. ಬಂದವರು ತಲೆದೂಗುತ್ತಿದ್ದರು. ಅವರು ಹೋದ ಮೇಲೆ ಮೇಸ್ತ್ರಿ ಸ್ಕ್ರೂಡ್ರೈವರನ್ನು ಜಾಗಕ್ಕೆ ಇಡುವಾಗ ಯಾರ ಮುಖವನ್ನೂ ನೋಡುತ್ತಿರಲಿಲ್ಲ.

ಶೆಡ್ಡಿನಲ್ಲಿ ಅವನ ಜೊತೆಗಿದ್ದವಳು ಅವನ ನಾದಿನಿ, ಹೆಂಡತಿಯ ತಂಗಿ. ಕಾರಿನ ವೈರಿಂಗ್ ಕೆಲಸವೆಲ್ಲ ಅವಳದ್ದು. ಮೂಲೆಯಲ್ಲಿ ಅವಳದೊಂದು ಮೇಜು, ಬಣ್ಣಬಣ್ಣದ ವೈರಿನ ಸುರುಳಿ, ಬೆಸುಗೆ ಕಡ್ಡಿ, ಎಲ್ಲಿ ಹೋದರೂ ಕುತ್ತಿಗೆಯಲ್ಲಿ ನೇತಾಡುವ ಮೀಟರು. ಮೀಟರ್ ಇಟ್ಟು ನೋಡುವುದು ಕಿವಿ ಇಲ್ಲದವರ ಕೆಲಸ ಎಂದು ಮೇಸ್ತ್ರಿ ಹಿಂದೆಲ್ಲ ಅವಳನ್ನು ರೇಗಿಸುತ್ತಿದ್ದ. ಅವಳು ನಕ್ಕು, ನನಗಿರೋದು ಕಣ್ಣು ಭಾವ, ಎನ್ನುತ್ತಿದ್ದಳು. ಈಚೆಗೆ ಅವನು ಆ ಮಾತು ಎತ್ತುತ್ತಿರಲಿಲ್ಲ.

ಆ ವರ್ಷ ಶೆಡ್ಡಿನ ಹೆಮ್ಮೆಯ ಗಾಡಿ ಎಂದರೆ ಹಲ್ಲಿನ ಡಾಕ್ಟರ ಬಿಳಿ ಕಾರು. ಮನೆಮಂದಿ ಓಡಾಡಲೆಂದು ಮಾಡಿದ ಪುಟ್ಟ ಕಾರದು. ಡಾಕ್ಟರಿಗೆ ಗುಡ್ಡ ಹತ್ತುವ ರೇಸಿನ ಹುಚ್ಚು. ಮೇಸ್ತ್ರಿಯೇ ಅದಕ್ಕೆ ಗಾಳಿ ತುರುಕುವ ಟರ್ಬೊ ಕೂರಿಸಿದ್ದ, ಪೆಟ್ರೋಲು ಚಿಮ್ಮಿಸುವ ದೊಡ್ಡ ಇಂಜೆಕ್ಟರ್ ಹಾಕಿದ್ದ, ಸೈಲೆನ್ಸರ್ ಬದಲಿಸಿದ್ದ. ಎಂಜಿನ್ನಿನ ಬಲ ಹೆಚ್ಚುಕಡಿಮೆ ಇಮ್ಮಡಿಯಾಗಿತ್ತು. ಹಾಗಾದ ಮೇಲೆ ಶುರುವಾಯಿತು ಒಂದು ತೊಂದರೆ: ಗುಡ್ಡದ ರಸ್ತೆಯಲ್ಲಿ ಮೂರನೇ ಗೇರಿನಲ್ಲಿ ಪೂರ್ತಿ ಒತ್ತಿದರೆ, ಯಾರೋ ಹಿಂದಿನಿಂದ ಅಂಗಿ ಹಿಡಿದೆಳೆದಂತೆ ಗಾಡಿ ಮುಗ್ಗರಿಸುತ್ತಿತ್ತು. ಸಮತಟ್ಟಿನಲ್ಲಿ ಏನೂ ಇಲ್ಲ.

ಮೇಸ್ತ್ರಿ ಫಿಲ್ಟರ್ ಬದಲಿಸಿದ, ಹೋಗಲಿಲ್ಲ. ಪೆಟ್ರೋಲಿನ ಒತ್ತಡ ತೋರಿಸುವ ಗೇಜನ್ನು ಉದ್ದದ ಪೈಪಿಗೆ ಕಟ್ಟಿ, ಮುಂದಿನ ಗಾಜಿಗೆ ಟೇಪು ಹಚ್ಚಿ ಕೂರಿಸಿ, ಡಾಕ್ಟರ ಜೊತೆ ಗುಡ್ಡ ಹತ್ತಿದ. ಪೂರ್ತಿ ಒತ್ತಿದ ಹೊತ್ತಿಗೆ ಸರಿಯಾಗಿ ಗೇಜಿನ ಮುಳ್ಳು ಜಾರಿತು. ಅಂದರೆ ಎಂಜಿನ್ ಕೇಳುವಷ್ಟು ಪೆಟ್ರೋಲು ಹಿಂದಿನಿಂದ ಬರುತ್ತಿಲ್ಲ. ಹಳೆಯ ಸಣ್ಣ ಪಂಪು ಹೊಸ ಹಸಿವಿಗೆ ಸಾಲುತ್ತಿಲ್ಲ. ಇಲ್ಲಿಯವರೆಗೆ ಅವನ ಲೆಕ್ಕಾಚಾರ ಸರಿಯಾಗಿಯೇ ಇತ್ತು. ಹಿಂದಿನ ಸೀಟು ಎತ್ತಿ, ಟ್ಯಾಂಕಿನ ಮುಚ್ಚಳ ಬಿಚ್ಚಿ, ಹಳೆಯ ಪಂಪು ತೆಗೆದು, ಅದರ ಎರಡರಷ್ಟು ತಳ್ಳುವ ಹೊಸದನ್ನು ಕೂರಿಸಿದ.

ಆಗ ನಾದಿನಿ ಬಂದು ನೋಡಿ, ದೊಡ್ಡ ಪಂಪು ಕರೆಂಟೂ ಜಾಸ್ತಿ ಎಳೆಯುತ್ತದೆ, ಕಾರ್ಖಾನೆಯವರು ಕೊಟ್ಟ ವೈರು ದಾರದಷ್ಟು ತೆಳ್ಳಗಿದೆ, ಬ್ಯಾಟರಿಯಿಂದ ನೇರವಾಗಿ ದಪ್ಪ ವೈರು ಎಳೆದು ರಿಲೇ ಎಂಬ ಸ್ವಿಚ್ಚು ಹಾಕಬೇಕು, ಒಂದು ದಿನ ಕೊಡಿ ಎಂದಳು. ಭಾನುವಾರ ರೇಸು; ಅಂದು ಶುಕ್ರವಾರ ಮಧ್ಯಾಹ್ನ. ಶನಿವಾರ ಬೆಳಿಗ್ಗೆಯೇ ಗಾಡಿ ಕೊಡುತ್ತೇನೆಂದು ಮೇಸ್ತ್ರಿ ಮಾತು ಕೊಟ್ಟಾಗಿತ್ತು. ಬೇಡ, ಇದ್ದ ವೈರಿಗೇ ಕೊಂಡಿ ಹಾಕು ಎಂದ. ಅವಳು ಹಾಕಿದಳು. ಹಾಕಿದವಳು ಸುಮ್ಮನಿರಲಿಲ್ಲ. ಎಂಜಿನ್ ಶುರುಮಾಡಿ, ಹೆಡ್‌ಲೈಟು, ಫ್ಯಾನು ಎಲ್ಲ ಹಚ್ಚಿ, ಟ್ಯಾಂಕಿನ ಹತ್ತಿರ ಬಗ್ಗಿದಳು.

"ಭಾವ, ಇಲ್ಲಿ ಬಂದು ಕೇಳಿ. ಲೋಡ್ ಬಿದ್ದ ತಕ್ಷಣ ಪಂಪಿನ ಸ್ವರ ಇಳೀತಾ ಇದೆ. ಪೂರ್ತಿ ಕರೆಂಟ್ ಸಿಕ್ತಾ ಇಲ್ಲ ಇದಕ್ಕೆ."

ಮೇಸ್ತ್ರಿ ಹಿಂದಿನ ಬಾಗಿಲಲ್ಲಿ ತಲೆ ತೂರಿಸಿದ. ಹೊಸ ಪಂಪುಗಳು ಕೀರುತ್ತವೆ, ಕಾರಿನ ಹೊರಗೆ ನಿಂತವರಿಗೂ ಕೇಳುವಷ್ಟು. ಅವನಿಗೆ ಆ ಟ್ಯಾಂಕಿನಿಂದ ಒಂದಿಷ್ಟೂ ಸದ್ದು ಬರಲಿಲ್ಲ. ಇಳಿಯುವ ಸ್ವರ ಹಾಗಿರಲಿ, ಸ್ವರವೇ ಇಲ್ಲ. ಒಂದು ಕ್ಷಣ ಪಂಪು ನಿಂತೇಹೋಗಿದೆ ಎನ್ನಲು ಬಾಯಿ ತೆರೆದವನು, ಎಂಜಿನ್ ಓಡುತ್ತಿರುವುದು ನೆನಪಾಗಿ ನಾಲಿಗೆ ಕಚ್ಚಿಕೊಂಡ. ಕಣ್ಣು ಅರ್ಧ ಮುಚ್ಚಿದ. ಎಷ್ಟು ಹೊತ್ತು ಕೇಳಿಸಿಕೊಂಡರೆ ಚೆನ್ನೋ ಅಷ್ಟು ಹೊತ್ತು ಹಾಗೇ ನಿಂತ.

"ಕೇಳಿಸ್ತು. ಸರಿಯಾಗೇ ಇದೆ," ಎಂದ. "ನಿಂಗೆ ಭ್ರಮೆ. ಸೀಟು ಮುಚ್ಚು."

ಅವಳು ಕುತ್ತಿಗೆಯ ಮೀಟರಿಗೆ ಕೈ ಹಾಕಿದಳು. ಮುಚ್ಚು ಅಂದೆನಲ್ಲ, ಎಂದು ಅವನು ದನಿ ಏರಿಸಿದ. ಹಿರಿಯನೆಂಬ ಮರ್ಯಾದೆಗೆ ಮುಚ್ಚಿದಳು.

ಸೋಮವಾರ ಬೆಳಿಗ್ಗೆ ಬಿಳಿ ಕಾರು ಲಾರಿಯ ಬೆನ್ನೇರಿ ಬಂತು. ಗುಡ್ಡದ ಕೊನೆಯ ತಿರುವಿನಲ್ಲಿ ಮುಗ್ಗರಿಸಿ, ಎಂಜಿನ್ನಿನೊಳಗೆ ಢಣ್ ಎಂದು ಬಡಿದು ನಿಂತಿತ್ತು. ಪೆಟ್ರೋಲು ಕಡಿಮೆಯಾಗಿ ಗಾಳಿ ಹೆಚ್ಚಾದರೆ ಒಳಗಿನ ಬೆಂಕಿಯ ಕಾವು ಏರುತ್ತದೆ, ಪಿಸ್ಟನ್ ಕರಗುತ್ತದೆ. ಬಿಚ್ಚಿ ನೋಡುವ ಮೊದಲೇ ಮೇಸ್ತ್ರಿಗೆ ಗೊತ್ತಾಯಿತು. ಲಾರಿ ಬಂದದ್ದು ನೋಡಿ ಟೈರ್ ಅಂಗಡಿಯ ಇಬ್ಬರು ಅಣ್ಣತಮ್ಮಂದಿರೂ ಬಂದು ನಿಂತರು. ಡಾಕ್ಟರು ಕೂಗಾಡುವ ಮನುಷ್ಯರಲ್ಲ. ಮೆಲ್ಲಗೆ, ಹೊಸ ಪಂಪು ಅಂದಿರಲ್ಲ ಮೇಸ್ತ್ರಿ, ಎಂದು ಮಾತ್ರ ಕೇಳಿದರು.

ಮೇಸ್ತ್ರಿ ಬಾಯಿಂದ ಮಾತು ತಾನಾಗಿಯೇ ಜಾರಿತು. ಮುಂದೆ ಎಷ್ಟೋ ಸಲ ಅವನು ಆ ಗಳಿಗೆಯನ್ನು ನೆನೆದು, ಯಾವನೋ ಬೇರೆಯವನು ತನ್ನ ಗಂಟಲಲ್ಲಿ ಕೂತು ಮಾತಾಡಿದ ಎಂದು ಸಮಾಧಾನ ಮಾಡಿಕೊಳ್ಳಲು ನೋಡಿದ್ದುಂಟು. ಮಾತಾಡಿದವನು ಅವನೇ.

"ಪಂಪಿಗೇನೂ ಆಗಿಲ್ಲ ಡಾಕ್ಟ್ರೇ. ಅದಕ್ಕೆ ಕರೆಂಟ್ ಸರಿಯಾಗಿ ಹೋಗಿಲ್ಲ. ವೈರಿಂಗ್ ನಾನು ಮುಟ್ಟೋದಿಲ್ಲ, ಅದೆಲ್ಲ ಇವಳದ್ದು."

ಅವಳು ಹೇಳಿದ್ದ ಮಾತನ್ನೇ ಅವಳ ಕಡೆಗೆ ತಿರುಗಿಸಿದ್ದ. ನಾದಿನಿ ಟೇಪಿನ ಸುರುಳಿ ಹಿಡಿದು ಮೂರು ಹೆಜ್ಜೆ ದೂರದಲ್ಲಿ ನಿಂತಿದ್ದಳು. ಅವಳ ತುಟಿ ಸ್ವಲ್ಪ ಬಿಚ್ಚಿತು. ಕಣ್ಣು ಅವನ ಮುಖದಿಂದ ಪಕ್ಕಕ್ಕೆ, ಕಿವಿಯ ಕಡೆಗೆ ಹೊರಳಿ ಮತ್ತೆ ಮುಖಕ್ಕೆ ಬಂತು. ತುಟಿ ಮುಚ್ಚಿತು. ಡಾಕ್ಟರು ಅವಳನ್ನು ನೋಡಿದರು, ಟೈರ್ ಅಂಗಡಿಯವರೂ ನೋಡಿದರು. ಅವಳು ಮೇಜಿಗೆ ಹೋಗಿ, ಬೆಸುಗೆ ಕಡ್ಡಿಯ ಪ್ಲಗ್ಗು ಕಿತ್ತು, ಅದು ಆರುವ ತನಕ ಕಾದು, ಸಾಮಾನುಗಳನ್ನೆಲ್ಲ ಚೀಲಕ್ಕೆ ತುಂಬಿಕೊಂಡು ಹೊರಟುಹೋದಳು.

ಮೂರು ವಾರದಲ್ಲಿ ಸುದ್ದಿ ಊರೆಲ್ಲ ಸುತ್ತಿತು. ವೈರಿಂಗಿನವಳು ಡಾಕ್ಟರ ಎಂಜಿನ್ ಸುಟ್ಟಳಂತೆ. ಅವಳಿಗೆಂದು ಬರುತ್ತಿದ್ದ ಗಾಡಿಗಳು ಬೇರೆ ಕಡೆ ತಿರುಗಿದವು. ಮೇಸ್ತ್ರಿಯ ಗಿರಾಕಿಗಳು ಕಮ್ಮಿಯಾಗಲಿಲ್ಲ. ಪಾಪ, ಹೆಂಡತಿಯ ಕಡೆಯವಳು, ಏನೂ ಹೇಳೋ ಹಾಗಿಲ್ಲ ಎಂದು ಅವನ ಮೇಲೆಯೇ ಜನ ಮರುಕಪಟ್ಟರು. ಅದನ್ನೂ ಅವನು ತಲೆಯಾಡಿಸಿ ತೆಗೆದುಕೊಂಡ.

ಮನೆಯಲ್ಲಿ ಹೆಂಡತಿ ಶಾಲೆಯ ಸಮವಸ್ತ್ರ ಹೊಲಿಯುವವಳು. ಗಂಡನ ಜೊತೆ ಬೇಕಾದಷ್ಟೇ ಮಾತು ಇಟ್ಟುಕೊಂಡಿದ್ದಳು. ಒಂದು ಮಧ್ಯಾಹ್ನ ಅವನು ಊಟ ಮುಗಿಸಿ ಕೂತಿದ್ದಾಗ, ನಿನ್ನ ತಂಗಿಯೂ ಒಂದು ಮಾತು ಆಡಬಹುದಿತ್ತಲ್ಲ, ತಪ್ಪಿಲ್ಲದಿದ್ದರೆ ಆವತ್ತೇ ಬಾಯಿ ಬಿಡಬೇಕಿತ್ತು ಎಂದುಬಿಟ್ಟ. ಹೆಂಡತಿ ಹೊಲಿಗೆ ಮಿಷನ್ನು ತುಳಿಯುವುದನ್ನು ನಿಲ್ಲಿಸಿದಳು.

"ಯಾಕೆ ಬಿಡ್ಲಿಲ್ಲ ಅಂತ ಯೋಚನೆ ಮಾಡಿದ್ರಾ? ಬಿಟ್ಟಿದ್ರೆ ನಿಮಗೆ ಕಿವಿ ಕೇಳಲ್ಲ ಅನ್ನೋದನ್ನ ಅಷ್ಟು ಜನರ ಮುಂದೆ ಹೇಳಬೇಕಾಗ್ತಿತ್ತು."

"ಯಾರು ಹೇಳಿದ್ದು ಕೇಳಲ್ಲ ಅಂತ?"

ಹೆಂಡತಿ ಅವನ ಮೊಣಕೈ ಕಡೆ ಬೆರಳು ಮಾಡಿದಳು. "ಅಲಾರಾಂ ಹೊಡ್ಕೋತಾ ಇದೆ. ಆಗಲೇ ಮೂರು ನಿಮಿಷ ಆಯ್ತು."

ಮೇಜಿನ ಮೇಲೆ ಅವನ ಕೈಗೆ ತಾಗಿಕೊಂಡೇ ಅವಳ ಪುಟ್ಟ ಗಡಿಯಾರವಿತ್ತು. ಅದರ ಕೆಂಪು ದೀಪ ಮಿನುಗುತ್ತಿತ್ತು. ಅವನು ಅದನ್ನು ಕೈಗೆ ತೆಗೆದುಕೊಂಡು ಕಿವಿಗೆ ಹಿಡಿದ. ಏನೂ ಇಲ್ಲ. ಗುಂಡಿ ಒತ್ತಿದ, ದೀಪ ಆರಿತು. ನಮ್ಮಿಬ್ಬರಿಗೂ ಎರಡು ವರ್ಷದಿಂದ ಗೊತ್ತು, ನೀವಾಗಿ ಹೇಳಲಿ ಅಂತ ಕಾದೆವು ಎಂದು ಹೆಂಡತಿ ಹೇಳಿದಳು. ಕೋಪದಲ್ಲಿ ಹೇಳಿದ್ದರೆ ತಡೆದುಕೊಳ್ಳಬಹುದಿತ್ತು. ಹಾಗೆ ಹೇಳಲಿಲ್ಲ. ಅಂಗಿಯ ಕಾಲರಿಗೆ ನೂಲು ಹೊಂದಿಸುತ್ತ, ಬೇಸಿಗೆಯಲ್ಲಿ ಸೆಕೆ ಎನ್ನುವಷ್ಟು ಸಹಜವಾಗಿ ಹೇಳಿದಳು. ಭೂಮಿ ಬಾಯಿಬಿಟ್ಟು ನುಂಗಬಾರದೇ ಎನ್ನಿಸಿತು ಮೇಸ್ತ್ರಿಗೆ. ಎರಡು ವರ್ಷ ಕಣ್ಣು ಅರ್ಧ ಮುಚ್ಚಿ ನಿಂತು ಆಡಿದ ಆಟವನ್ನು ಮನೆಯವರು ಅಷ್ಟೂ ದಿನ ನೋಡುತ್ತಿದ್ದರು.

ವಾರದ ರಜೆಯ ದಿನ ಶೆಡ್ಡಿನ ಬಾಗಿಲು ಒಳಗಿನಿಂದ ಹಾಕಿಕೊಂಡು ಅವನು ಬಿಳಿ ಕಾರಿನ ಹಿಂದಿನ ಸೀಟು ಎತ್ತಿದ. ಅಂಗಡಿಯಿಂದ ತಂದ ಹೊಸ ಮೀಟರು ಪೊಟ್ಟಣದಲ್ಲೇ ಇತ್ತು. ಬಳಸುವ ವಿಧಾನ ಬರೆದ ಕಾಗದವನ್ನು ಎರಡು ಸಲ ಓದಿದ. ಎಂಜಿನ್ ಬಿಚ್ಚಿ ಬೆಂಚಿನ ಮೇಲಿತ್ತು, ಆದರೂ ಪಂಪು ಓಡಿಸಲು ಅಡ್ಡಿಯಿರಲಿಲ್ಲ. ಬ್ಯಾಟರಿಗೆ ಚಾರ್ಜರ್ ಹಚ್ಚಿ, ಪಂಪಿಗೆ ಪೂರ್ತಿ ಲೋಡ್ ಕೊಟ್ಟು ಅಳೆದ. ಬ್ಯಾಟರಿಯ ಹತ್ತಿರ ಹದಿಮೂರೂವರೆ ವೋಲ್ಟು. ಪಂಪಿನ ಹತ್ತಿರ ಹತ್ತೂ ಕಾಲು. ನಡುವಿನ ಮೂರೂ ಕಾಲು ವೋಲ್ಟು ಆ ದಾರದಂಥ ವೈರಿನಲ್ಲೇ ಸೋರಿಹೋಗುತ್ತಿತ್ತು. ಆಮೇಲೆ ಬೇರೆ ದಪ್ಪ ವೈರಿನಿಂದ ನೇರವಾಗಿ ಕರೆಂಟ್ ಕೊಟ್ಟ. ಪೆಟ್ರೋಲು ಪೈಪಿಗೆ ಕಟ್ಟಿದ ಗೇಜಿನ ಮುಳ್ಳು ನೆಟ್ಟಗೆ ಮೇಲೆದ್ದು ನಿಂತಿತು. ಎರಡು ಅಳತೆ, ಹತ್ತು ನಿಮಿಷದ ಕೆಲಸ. ಶುಕ್ರವಾರ ಅವಳು ಮೀಟರಿಗೆ ಕೈ ಹಾಕಿದಾಗ ಬಿಟ್ಟಿದ್ದರೆ ಅಷ್ಟರಲ್ಲೇ ಮುಗಿಯುತ್ತಿತ್ತು.

ಪಂಪಿನ ಮುಚ್ಚಳದ ಮೇಲೆ ಅಂಗೈ ಇಟ್ಟು ಹಳೆಯ ವೈರಿಗೆ ಮತ್ತೆ ಕೊಂಡಿ ಬದಲಿಸಿದ. ಅದುರುವಿಕೆ ಮಂದವಾದದ್ದು ಕೈಗೆ ತಿಳಿಯಿತು.

ಮರುದಿನ ಡಾಕ್ಟರ ಕ್ಲಿನಿಕ್ಕಿಗೆ ಹೋದ. ಬಾಗಿಲ ಬಳಿಯ ಹುಡುಗಿ ಯಾವ ಹಲ್ಲು ಎಂದು ಕೇಳಿದಳು. ಆರೇಳು ಜನ ಕೂತಿದ್ದರು, ಕೆಳಗಿನದು ಎಂದುಬಿಟ್ಟ. ಸರದಿ ಬಂದಾಗ ಅವನು ಬಾಯಿ ತೆರೆಯುವ ಮೊದಲೇ ಅವನನ್ನು ಕುರ್ಚಿಯಲ್ಲಿ ಮಲಗಿಸಿ, ಎದೆಗೆ ಕಾಗದ ಕಟ್ಟಿ, ಮುಖಕ್ಕೆ ದೀಪ ಎಳೆದಾಗಿತ್ತು. ಡಾಕ್ಟರು ಕನ್ನಡಿ ಹಿಡಿದು ಬಗ್ಗಿದರು.

"ಹಲ್ಲಲ್ಲ ಡಾಕ್ಟ್ರೇ," ಎಂದ. ಅಂಗಾತ ಮಲಗಿಕೊಂಡೇ, ಕಣ್ಣು ಕುಕ್ಕುವ ಬೆಳಕಿನಲ್ಲಿ, ಪಕ್ಕದಲ್ಲಿ ನರ್ಸೊಬ್ಬಳು ಎಂಜಲು ಹೀರುವ ನಳಿಕೆ ಹಿಡಿದು ನಿಂತಿರುವಾಗಲೇ ಎಲ್ಲವನ್ನೂ ಹೇಳಿದ. ವೈರು ಬೇಡ ಎಂದದ್ದು ತಾನು. ಅವಳು ಕೇಳಿ ಎಂದಾಗ ಕೇಳದಿದ್ದರೂ ಕೇಳಿಸಿತು ಎಂದದ್ದು ತಾನು. ಅಳೆಯಲು ಬಿಡದಿದ್ದದ್ದೂ, ಕೊನೆಗೆ ಅವಳ ಮೇಲೆ ಗೂಬೆ ಕೂರಿಸಿದ್ದೂ ತಾನೇ. ಎಂಜಿನ್ ನಾನೇ ಕಟ್ಟಿಕೊಡುತ್ತೇನೆ ಎಂದ. ಡಾಕ್ಟರು ಕೈಗವಸು ಕಳಚಿ ಬುಟ್ಟಿಗೆ ಹಾಕಿದರು.

"ಎಂಜಿನ್ ಹಾಳಾಗಿ ಹೋಗ್ಲಿ ಮೇಸ್ತ್ರಿ. ರೇಸಿಗೆ ಬರೋ ನನ್ನ ಗೆಳೆಯರಿಗೆಲ್ಲ ಹೇಳಿದೀನಿ ನಾನು, ಆಕೆ ಕೈಗೆ ಗಾಡಿ ಕೊಡಬೇಡಿ ಅಂತ. ನಿಮ್ಮ ಮಾತು ನಂಬಿ ಹೇಳಿದೀನಿ."

ಅಷ್ಟೇ ಹೇಳಿ ಮುಂದಿನವರನ್ನು ಕರೆಯಲು ನರ್ಸಿಗೆ ಸನ್ನೆ ಮಾಡಿದರು. ಮೇಸ್ತ್ರಿ ಎದೆಯ ಕಾಗದ ಕಟ್ಟಿಕೊಂಡೇ ಹೊರಗೆ ಬಂದ. ಬಾಗಿಲ ಬಳಿಯ ಹುಡುಗಿ, ಹಲ್ಲು ಕಿತ್ತರೋ, ಮತ್ತೆ ಯಾವಾಗ ಬರಲು ಹೇಳಿದ್ದಾರೆ ಎಂದು ಕೇಳಿದಳು. ಎಲ್ಲ ಮುಗೀತು ಎಂದ ಮೇಸ್ತ್ರಿ.

ನಾದಿನಿ ಆಗ ಸುಟ್ಟ ನೀರಿನ ಮೋಟಾರುಗಳಿಗೆ ತಂತಿ ಸುತ್ತುವ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿದ್ದಳು. ಇಕ್ಕಟ್ಟಾದ ಕೋಣೆ, ವಾರ್ನಿಷಿನ ಘಾಟು, ಹೊಟ್ಟೆ ಬಗೆದ ಮೋಟಾರುಗಳು, ನೆಲದ ತುಂಬ ತಾಮ್ರದ ತಂತಿಯ ಚೂರು. ಅವಳು ತಲೆ ಬಗ್ಗಿಸಿ ತಂತಿ ಸುತ್ತುತ್ತಿದ್ದಳು. ಕ್ಲಿನಿಕ್ಕಿನಿಂದ ನೇರ ಅಲ್ಲಿಗೇ ಬಂದ ಮೇಸ್ತ್ರಿ ದಾರಿಯುದ್ದ ಜೋಡಿಸಿಕೊಂಡಿದ್ದ ಮಾತುಗಳು ಬಾಗಿಲಲ್ಲೇ ಉದುರಿದವು. ತಪ್ಪು ನನ್ನದು, ಅಳೆದು ನೋಡಿದೆ, ನೀನು ಹೇಳಿದ್ದೇ ಸರಿ ಎಂದಷ್ಟೇ ಹೇಳಲಾಯಿತು. ಅವಳು ತಲೆ ಎತ್ತದೆ ಏನೋ ಅಂದಳು. ಗುಣುಗುಣು ಎಂದಷ್ಟೇ ಕಿವಿಗೆ ಬಿತ್ತು. ಅಭ್ಯಾಸಬಲದಿಂದ ತಲೆಯಾಡಿಸತೊಡಗಿದವನು ತಟ್ಟನೆ ನಿಲ್ಲಿಸಿದ.

"ಕೇಳಿಸ್ಲಿಲ್ಲ ಕಣಮ್ಮ," ಎಂದ.

ಅವಳ ಕೈ ನಿಂತಿತು. ಮುಖವೆತ್ತಿ, ಕಿಟಕಿಯ ಬೆಳಕು ಬೀಳುವ ಕಡೆಗೆ ಸ್ವಲ್ಪ ತಿರುಗಿ, ಕೀರಲಾಗದಂತೆ ದನಿ ದಪ್ಪ ಮಾಡಿ, ಒಂದೊಂದೇ ಮಾತು ಬಿಡಿಸಿ ಹೇಳಿದಳು: "ಇದನ್ನ ನನಗೆ ಹೇಳಿ ಏನು ಪ್ರಯೋಜನ ಭಾವ? ನನಗೆ ಮೊದಲೇ ಗೊತ್ತಿತ್ತಲ್ಲ. ಗೊತ್ತಿಲ್ಲದೇ ಇರೋರಿಗೆ ಹೇಳಿ."

ಆಗ ಅವನಿಗೆ ಹೊಳೆಯಿತು. ಎರಡು ವರ್ಷದಿಂದಲೂ ಅವಳು ಹೀಗೆಯೇ ಮಾತಾಡುತ್ತಿದ್ದಳು. ಶೆಡ್ಡಿನಲ್ಲಿ ಏನು ಹೇಳುವುದಿದ್ದರೂ ಕಾರು ಸುತ್ತಿಕೊಂಡು ಅವನ ಎದುರಿಗೆ ಬಂದು, ಮುಖ ಕಾಣುವಂತೆ ನಿಂತು ಹೇಳುತ್ತಿದ್ದಳು. ಅವಳ ಮಾತು ಮಾತ್ರ ಚೆನ್ನಾಗಿ ಕೇಳುತ್ತದೆ, ಹಾಗಾದರೆ ಕಿವಿ ಅಷ್ಟೇನೂ ಕೆಟ್ಟಿಲ್ಲ ಎಂದು ಅವನು ಧೈರ್ಯ ತಂದುಕೊಳ್ಳುತ್ತಿದ್ದ.

ಅದೇ ಸಂಜೆ ನಾಲ್ಕು ಗಂಟೆಗೆ, ಟೀ ಹೊತ್ತಿನಲ್ಲಿ, ಟೈರ್ ಅಂಗಡಿಯ ಮುಂದೆ ನಿಂತು ಅಣ್ಣತಮ್ಮಂದಿರಿಗೂ ಅಲ್ಲಿ ಕೂತಿದ್ದ ಮೂರು ಜನ ಡ್ರೈವರುಗಳಿಗೂ ಹೇಳಿದ. ಮೊದಲು ಅವರು ತಮಾಷೆ ಎಂದುಕೊಂಡು ನಕ್ಕರು. ಕಿವಿ ಮೇಸ್ತ್ರಿಗೇ ಕಿವುಡೇ ಎಂದು ತೊಡೆ ತಟ್ಟಿದರು. ಅವನು ನಗದೆ ನಿಂತದ್ದು ನೋಡಿ ಒಬ್ಬೊಬ್ಬರಾಗಿ ಲೋಟ ಕೆಳಗಿಟ್ಟರು. ಅವಳು ವೈರು ಬದಲಿಸಬೇಕು ಅಂದಿದ್ದಳು, ಬೇಡ ಅಂದವನು ನಾನು ಎಂದು ಎರಡನೇ ಸಲ ಹೇಳಿದ. ಆಮೇಲೆ ಅಣ್ಣತಮ್ಮಂದಿರಲ್ಲಿ ದೊಡ್ಡವನು ಅವನ ಮುಖದ ಹತ್ತಿರ ಬಾಯಿ ತಂದು, ರಸ್ತೆಯಾಚೆ ನಿಂತವನನ್ನು ಕರೆದಂತೆ, ಟೀ ಕುಡಿಯುತ್ತೀರಾ ಎಂದು ಕೂಗಿದ. ಕರುಣೆಯಿಂದಲೇ ಕೂಗಿದ್ದು. ಮೇಸ್ತ್ರಿ ಲೋಟ ತೆಗೆದುಕೊಂಡು, ಬಿಸಿ ಟೀಯನ್ನು ಮೂರು ಗುಟುಕಿಗೆ ನುಂಗಿ ಅಲ್ಲಿಂದ ಕಾಲ್ತೆಗೆದ.

ಎಂಜಿನ್ ಮತ್ತೆ ಕಟ್ಟಲು ತಿಂಗಳು ಹಿಡಿಯಿತು. ವೈರು ಎಳೆಯುವ ದಿನ ನಾದಿನಿ ಬಂದಳು. ಬರಲು ಹೇಳಿದವರು ಡಾಕ್ಟರು. ಅವರೇ ಹೋಗಿ ಅವಳನ್ನು ಕೇಳಿಕೊಂಡಿದ್ದರು. ಬ್ಯಾಟರಿಯ ಪಕ್ಕದಲ್ಲೇ ಫ್ಯೂಸು, ಅಲ್ಲಿಂದ ಬಾಗಿಲ ಪಟ್ಟಿಯ ಅಡಿಯಲ್ಲಿ ದಪ್ಪನೆಯ ಕೆಂಪು ವೈರು, ಹಿಂದೆ ರಿಲೇ. ಅರ್ತಿಂಗಿಗೆ ಬಾಡಿಯ ಬಣ್ಣ ಕೆರೆದು, ಹೊಳೆಯುವ ಲೋಹ ಕಂಡ ಮೇಲೆಯೇ ಬೋಲ್ಟು ಬಿಗಿದಳು. ಮೇಸ್ತ್ರಿ ಟಾರ್ಚು ಹಿಡಿದು ಕೂತಿದ್ದ. ಬೆಳಕು ಎಡಕ್ಕೆ, ಬಲಕ್ಕೆ ಎಂದು ಅವಳು ಕೈಯಲ್ಲೇ ತೋರಿಸುತ್ತಿದ್ದಳು.

ಆಮೇಲೆ ಮೂವರೂ ಗುಡ್ಡಕ್ಕೆ ಹೋದರು. ಡಾಕ್ಟರು ಓಡಿಸಿದರು, ಅವಳು ಮುಂದೆ ಕೂತು ಗೇಜು ನೋಡಿದಳು, ಮೇಸ್ತ್ರಿ ಹಿಂದೆ ಅರ್ಧ ಸೀಟಿನಲ್ಲಿ ಮುದುರಿ ಪಂಪಿನ ಕೊಂಡಿಗಳಿಗೆ ಮೀಟರು ಹಿಡಿದ. ಮೂರನೇ ಗೇರಿನಲ್ಲಿ ಡಾಕ್ಟರು ಪೂರ್ತಿ ಒತ್ತಿದರು. ಮುಗ್ಗರಿಕೆ ಬರಲಿಲ್ಲ, ಕಾರು ಒಂದೇ ಉಸಿರಿಗೆ ತಿರುವು ಹತ್ತಿತು. ಹದಿಮೂರು ಪಾಯಿಂಟ್ ಎರಡು, ಇಳೀತಾ ಇಲ್ಲ ಎಂದು ಅವನು ಹಿಂದಿನಿಂದ ಕೂಗಿ ಹೇಳಿದ. ಮೇಲೆ ಕಾರು ನಿಲ್ಲಿಸಿ ಡಾಕ್ಟರು ಅವಳ ಕಡೆ ತಿರುಗಿ ಏನೋ ಹೇಳಿದರು. ಅವಳೂ ಏನೋ ಅಂದಳು, ಇಬ್ಬರೂ ನಕ್ಕರು. ಹಿಂದೆ ಕೂತವನಿಗೆ ಅವರ ತಲೆಗಳಷ್ಟೇ ಕಾಣುತ್ತಿದ್ದವು. ಏನೆಂದು ಕೇಳುವ ಹಕ್ಕು ತನಗಿದೆ ಅನ್ನಿಸಲಿಲ್ಲ.

ಅವಳು ಶೆಡ್ಡಿಗೆ ಮರಳಿ ಬರಲಿಲ್ಲ. ಮೇಸ್ತ್ರಿಯೂ ಬಾ ಎನ್ನಲಿಲ್ಲ. ಡಾಕ್ಟರ ಗೆಳೆಯರ ಗಾಡಿಗಳು ಈಗ ಅವಳ ಹತ್ತಿರವೇ ಹೋಗುತ್ತವೆ. ಆ ಮೋಟಾರು ಅಂಗಡಿಯ ಅರ್ಧ ಭಾಗ ಈಗ ಅವಳದ್ದೇ. ಮೇಸ್ತ್ರಿ ಕಿವಿಯ ಡಾಕ್ಟರನ್ನು ಕಂಡು ಮಿಷನ್ನು ಹಾಕಿಸಿಕೊಂಡಿದ್ದಾನೆ. ಮೊದಲ ತಿಂಗಳು ಟೋಪಿ ಕೆಳಗೆಳೆದು ಅದನ್ನು ಮುಚ್ಚುತ್ತಿದ್ದ. ಹೆಂಡತಿ ಒಂದು ದಿನ ಆ ಟೋಪಿಯನ್ನು ಒಗೆಯಲು ಹಾಕಿ ತಿರುಗಿ ಕೊಡಲೇ ಇಲ್ಲ. ಗಿರಾಕಿಗಳಿಗೆ, ನನಗೆ ಸಣ್ಣ ಸದ್ದು ಕೇಳಲ್ಲ, ಅಳೆದು ಹೇಳ್ತೀನಿ ಎನ್ನುತ್ತಾನೆ. ಮಿಷನ್ನಿದ್ದರೂ ಎದುರಿನವರ ತುಟಿ ನೋಡಿದರೇ ಮಾತು ಪೂರ್ತಿ ಹಿಡಿಯುವುದು.

ರಜೆಯ ದಿನಗಳಲ್ಲಿ ನಾದಿನಿ ಅಕ್ಕನ ಮನೆಗೆ ಬರುತ್ತಾಳೆ. ಭಾವನ ಹತ್ತಿರವೂ ಮಾತಾಡುತ್ತಾಳೆ, ಕುರ್ಚಿ ಎಳೆದು ಎದುರಿಗೇ ಕೂತು. ಕ್ಷಮಿಸಿದ್ದೇನೆ ಎಂದು ಹೇಳಿಲ್ಲ, ಅವನು ಕೇಳಿಯೂ ಇಲ್ಲ. ಅವಳು ಮಾತು ಶುರುಮಾಡಿದ ಕೂಡಲೇ ಅವನ ತಲೆ ತಾನಾಗಿ ತಗ್ಗುತ್ತದೆ. ತಗ್ಗಿದರೆ ಮಾತು ಅರ್ಧ ತಪ್ಪಿಹೋಗುತ್ತದೆ. ಅವಳು ಸುಮ್ಮನೆ ಕಾಯುತ್ತಾಳೆ, ಅವನು ಮುಖ ಎತ್ತಿದ ಮೇಲೆ ಮೊದಲಿನಿಂದ ಹೇಳುತ್ತಾಳೆ.